ಸುಮೀನಾ ಒಪ್ಪಿದ್ದಾಳೆ

ಅಲ್ ಬರ್ಷಾ, ದುಬೈ
೨ ಫೆಬ್ರವರಿ ೨೦೨೫, ಭಾನುವಾರ

ಪ್ರೀತಿಯ ಸುಮೀನಾ,

ಹೇಗಿದ್ದೀ ಎಂದು ಕೇಳುವ ಮುಖ ನನಗಿಲ್ಲ, ಆದರೂ ಕೇಳುತ್ತೇನೆ. ನೀನು, ಮಗಳು ಶಿಫಾನಾ, ನಿನ್ನ ಅಕ್ಕನ ಮನೆಯವರು ಎಲ್ಲ ಸೌಖ್ಯವಾ? ಫೋನಿನಲ್ಲಿ ನನ್ನ ನಂಬರ್ ಬ್ಲಾಕ್ ಮಾಡಿದ್ದೀ ಎಂದು ಗೊತ್ತಾಯಿತು. ನಿನ್ನ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ಹಾಗಾಗಿ ಈ ಕಾಗದ. ಥಾಮಸ್‌ನ ಹೆಂಡತಿ ಕ್ಯಾರೊಲಿನ್ ಪ್ರತಿ ಸೋಮವಾರ ಅಬುಧಾಬಿ ಆಫೀಸಿಗೆ ಹೋಗುತ್ತಾಳಲ್ಲ, ಅವಳ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದೇನೆ. ಒಳಗೆ ಏನಿದೆ ಎಂದು ಅವಳಿಗೆ ಗೊತ್ತಿಲ್ಲ. ಸಿಟ್ಟು ಬಂದರೆ ಹರಿದು ಹಾಕು, ಆದರೆ ಒಮ್ಮೆ ಪೂರ್ತಿ ಓದಿದ ಮೇಲೆ.

ಕನ್ನಡದಲ್ಲಿ ಇಷ್ಟುದ್ದ ಬರೆದು ಎಷ್ಟು ಕಾಲವಾಯಿತೋ. ಒಂಬತ್ತು ವರ್ಷದಿಂದ ನಾನು ಬರೆದದ್ದೆಲ್ಲ ಪಟ್ಟಿಗಳೇ. ಕುರ್ಚಿ ಎಷ್ಟು, ಮೈಕ್ ಯಾರು ತರುವುದು, ಸಸ್ಯಾಹಾರ ಎಷ್ಟು ಜನಕ್ಕೆ, ಮಕ್ಕಳ ಗೋಣಿಚೀಲ ಓಟಕ್ಕೆ ಗೋಣಿ ಎಲ್ಲಿಂದ. ನಮ್ಮ ಗಂಡಂದಿರು ಊರಿನ ಕಾಲೇಜು ಹಾಸ್ಟೆಲಿನ ಬಿ ಬ್ಲಾಕಿನಲ್ಲಿ ಮೂರು ವರ್ಷ ಒಟ್ಟಿಗೆ ಮಲಗಿದ್ದಕ್ಕೆ ನಾವಿಬ್ಬರು ದುಬೈಯಲ್ಲಿ ಜೀವಮಾನವಿಡೀ ಚಾಕರಿ ಮಾಡಬೇಕಾಯಿತು ಎಂದು ನೀನು ನಗುತ್ತಿದ್ದೆ. ಬಳಗದ ಹೆಸರು ‘ಬಿ ಬ್ಲಾಕ್ ಬ್ರದರ್ಸ್’. ಬ್ಯಾನರಿನಲ್ಲಿ ಬ್ರದರ್ಸ್ ಇರುತ್ತಿದ್ದರು, ಬ್ಯಾನರ್ ಕಟ್ಟುವುದು ನಾವು. ಪ್ರತಿ ಜನವರಿಯಲ್ಲಿ ಒಂದು ಸಹಾಯಾರ್ಥ ಕಾರ್ಯಕ್ರಮ, ಬೆಳಿಗ್ಗೆ ಪಾರ್ಕಿನಲ್ಲಿ ನಡಿಗೆ, ಮಧ್ಯಾಹ್ನ ಊಟ, ಆಮೇಲೆ ಹಾಡು, ಭಾಷಣ. ಈ ದೇಶದಲ್ಲಿ ಪರವಾನಗಿ ಇರುವ ದತ್ತಿ ಸಂಸ್ಥೆಯ ಮೂಲಕ ಅಲ್ಲದೆ ಯಾರೂ ಹೀಗೆ ಹಣ ಎತ್ತುವ ಹಾಗಿಲ್ಲ ಎಂದು ಗಂಡಸರಿಗೆ ತಿಳಿಹೇಳಿದವಳೂ ನೀನೇ. ನೈಫ್ ಪೇಟೆಯ ಹತ್ತಿರದ ಆ ಸಂಸ್ಥೆಯ ಆಫೀಸಿಗೆ ಅಲೆದು, ಅಲ್ಲಿಯ ಶೈಮಾಳ ಸ್ನೇಹ ಮಾಡಿ, ಪ್ರತಿ ವರ್ಷ ಅನುಮತಿ ತಂದವಳೂ ನೀನೇ.

ಆಮೇಲೆ ನಿನ್ನನ್ನೂ ಶಿಫಾನಾಳನ್ನೂ ಬಿಟ್ಟು ರಶೀದಣ್ಣ ಹೋದರು. ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಕಾರ್ಖಾನೆಗಳ ನಡುವಿನ ಆ ಗೋದಾಮಿನಲ್ಲಿ ಕೆಲಸದ ಮಧ್ಯೆ ಎದೆ ಹಿಡಿದು ಕೂತವರು ಮತ್ತೆ ಏಳಲಿಲ್ಲ. ನೀನು ಅಬುಧಾಬಿಯ ಅಕ್ಕನ ಮನೆಗೆ ಹೋಗಲು ಫ್ಲ್ಯಾಟ್ ಖಾಲಿ ಮಾಡುವ ದಿನ ನಾನು ನಿನ್ನ ಪಾತ್ರೆಗಳನ್ನು ಪೇಪರಿನಲ್ಲಿ ಸುತ್ತುತ್ತಿದ್ದೆ. ಆಗ ನೀನು ಹೇಳಿದ್ದು ಇವತ್ತಿಗೂ ಕಿವಿಯಲ್ಲಿದೆ. “ಅಕ್ಕ, ಬೇಕಾದಾಗ ನಾನೇ ಕೇಳ್ತೇನೆ. ಅಲ್ಲಿವರೆಗೆ ಯಾರೂ ಎಂತದೂ ಕೊಡುದು ಬೇಡ. ನೀವು ನೋಡಿಕೊಳ್ಳಿ.” ನೋಡಿಕೊಳ್ಳುತ್ತೇನೆ ಎಂದು ಮಾತು ಕೊಟ್ಟವಳು ನಾನು.

ಈಗ ಹೇಳಬೇಕಾದದ್ದಕ್ಕೆ ಬರುತ್ತೇನೆ.

ಅಕ್ಟೋಬರಿನಲ್ಲಿ ನಮ್ಮ ಮನೆಯಲ್ಲಿ ಸಭೆ ಸೇರಿತ್ತು. ಈ ಸಲ ಯಾರಿಗೆ ಸಹಾಯ ಎಂಬುದೇ ಪ್ರಶ್ನೆ. ಹಿಂದಿನ ವರ್ಷ ಶಾಲೆಯ ಮಕ್ಕಳ ಕನ್ನಡಕಕ್ಕೆ ಎಂದು ಮಾಡಿದಾಗ ಜನ ಬಂದಿರಲಿಲ್ಲ. ಒಬ್ಬೊಬ್ಬರಿಗೆ ಹತ್ತು ಸಲ ಫೋನ್ ಮಾಡಿ, ಬೇಡಿಕೊಂಡು, ಕೊನೆಗೆ ನನ್ನ ಗಂಟಲೇ ಕಟ್ಟಿತ್ತು. ಈ ಸಲವೂ ಗಂಡಸರು ಒಂದೂವರೆ ಗಂಟೆ ಅದೂ ಇದೂ ಹೇಳಿದರು, ಯಾವುದೂ ಕೂಡಿಬರಲಿಲ್ಲ. ನಾನು ಗೋಳಿಬಜೆಯ ತಟ್ಟೆ ಹಿಡಿದು ನಿಂತಿದ್ದೆ, ಕಾಲು ನೋಯುತ್ತಿತ್ತು, ಮರುದಿನ ಬೆಳಿಗ್ಗೆ ಏಳಕ್ಕೆ ಕ್ಲಿನಿಕ್ಕಿನಲ್ಲಿ ಡ್ಯೂಟಿ. ಬೇಗ ಮುಗಿದರೆ ಸಾಕಿತ್ತು. “ರಶೀದಣ್ಣನ ಮನೆಯವರಿಗೆ ಮಾಡಬಹುದಲ್ಲ” ಎಂದೆ.

ಹೌದು ಸುಮೀ, ನಾನು. ಯಾವಾಗಲೂ ಮುಂದೆ ನುಗ್ಗುವ ರಂಜಿತನೂ ಅಲ್ಲ, ನಮ್ಮ ಮನೆಯವರೂ ಅಲ್ಲ. ನಿನ್ನ ಮೇಲಿನ ಪ್ರೀತಿಯಿಂದ ಅಂದೆ ಎಂದು ಬರೆಯಲು ಆಸೆಯಾಗುತ್ತದೆ. ಆದರೆ ಆ ಹೊತ್ತಿಗೆ ನನ್ನ ತಲೆಯಲ್ಲಿದ್ದದ್ದು ಒಂದೇ: ರಶೀದಣ್ಣನ ಹೆಸರು ಹೇಳಿದರೆ ಜನ ಬರುತ್ತಾರೆ, ನಾನು ಯಾರಿಗೂ ಫೋನ್ ಮಾಡಬೇಕಾಗುವುದಿಲ್ಲ.

ಅಷ್ಟು ಹೇಳಿದ್ದೇ ತಡ, ಎಲ್ಲರಿಗೂ ಜೀವ ಬಂತು. ಸುಮೀನಾಳನ್ನು ವೇದಿಕೆಗೆ ಕರೆಯುವುದು, ಹಾಸ್ಟೆಲಿನ ಹಳೆಯ ಫೋಟೋಗಳನ್ನು ಪರದೆಯಲ್ಲಿ ತೋರಿಸುವುದು, ಕೊನೆಗೆ ದೊಡ್ಡ ರಟ್ಟಿನ ಚೆಕ್ ಹಿಡಿದು ಎಲ್ಲರೂ ಒಟ್ಟಿಗೆ ನಿಲ್ಲುವುದು. ಅಧ್ಯಕ್ಷರು ಎಂಬ ಗತ್ತಿನಲ್ಲಿ ಇವರು ನನ್ನ ಕಡೆ ತಿರುಗಿ, ಅವಳ ಒಪ್ಪಿಗೆ ಕೇಳುವ ಕೆಲಸ ನಿನ್ನದು ಎಂದರು. ನಾನು ನಿನಗೆ ಮೂರು ಸಲ ಫೋನ್ ಮಾಡಿದೆ. ನೀನು ಎತ್ತಲಿಲ್ಲ. ಎತ್ತದಿದ್ದದ್ದೇ ಒಳ್ಳೆಯದಾಯಿತು ಎಂದು ಒಳಗೊಳಗೆ ಅನ್ನಿಸಿತು, ಯಾಕೆಂದರೆ ಎತ್ತಿದ್ದರೆ ನೀನು ಏನು ಹೇಳುತ್ತಿದ್ದೆ ಎಂದು ನನಗೆ ಗೊತ್ತಿತ್ತು. ಎರಡು ದಿನ ಬಿಟ್ಟು ಇವರು ಕೇಳಿದಾಗ, “ಸುಮೀನಾ ಒಪ್ಪಿದ್ದಾಳೆ” ಎಂದೆ.

ಪೋಸ್ಟರಿಗೆ ಫೋಟೋ ಕೊಟ್ಟವಳೂ ನಾನೇ. ಹತ್ತಾದ ಅಣೆಕಟ್ಟೆ ನೋಡಲು ಎಲ್ಲರೂ ಸೇರಿ ಹೋಗಿದ್ದೆವಲ್ಲ, ಆಗ ನಾನು ತೆಗೆದದ್ದು. ರಶೀದಣ್ಣನ ಹೆಗಲ ಮೇಲೆ ಶಿಫಾನಾ ಕೈ ಹಾಕಿಕೊಂಡಿದ್ದಾಳೆ, ನೀನು ಗಾಳಿಗೆ ದುಪಟ್ಟಾ ಹಿಡಿದುಕೊಂಡು ನಗುತ್ತಿದ್ದೀ. ಡಿಸೆಂಬರಿನಲ್ಲಿ ಅನುಮತಿ ಸಿಗುವ ಮೊದಲೇ ರಂಜಿತ್ ಅದನ್ನು ಗ್ರೂಪಿಗೆ ಹಾಕಿಬಿಟ್ಟ. ಕೆಳಗೆ ದಪ್ಪ ಅಕ್ಷರದಲ್ಲಿ, ‘ಈ ಕುಟುಂಬದ ಕಣ್ಣೀರು ಒರೆಸೋಣ ಬನ್ನಿ’. ಅದು ಗ್ರೂಪಿನಿಂದ ಗ್ರೂಪಿಗೆ ಹಾರಿ ಶಿಫಾನಾಳ ಕ್ಲಾಸಿನ ಹುಡುಗಿಯರ ಫೋನಿಗೆ ಹೋಯಿತಂತೆ. ಆ ಮಗು ಎರಡು ದಿನ ಕಾಲೇಜಿಗೆ ಹೋಗದೆ ಮನೆಯಲ್ಲಿ ಕೂತಳು ಎಂದು ಕ್ಯಾರೊಲಿನ್ ಹೇಳಿದಳು.

ನೀನು ನನಗೆ ಕಳಿಸಿದ್ದು ಒಂದೇ ಸಾಲು. “ಅಕ್ಕ, ಇದು ನಿಮಗೆ ಗೊತ್ತಿತ್ತಾ?” ಕ್ಲಿನಿಕ್ಕಿನ ಕೌಂಟರಿನಲ್ಲಿ ನಿಂತು ಓದಿದೆ. ಎದುರಿಗೆ ರೋಗಿಗಳ ಸಾಲಿತ್ತು. ಬೆರಳು ತಾನಾಗಿಯೇ ಉತ್ತರ ಬರೆಯಿತು. “ಇಲ್ಲ ಸುಮೀ, ನನಗೂ ಈಗಲೇ ಗೊತ್ತಾದ್ದು.”

ಇವರಿಗೆ ಒಂದು ಸುಳ್ಳು, ನಿನಗೆ ಒಂದು ಸುಳ್ಳು. ನಡುವೆ ನಾನು ರೋಗಿಗಳ ಕಾರ್ಡ್ ತೆಗೆದುಕೊಂಡು ಟೋಕನ್ ಕೊಡುತ್ತಾ ಕೂತಿದ್ದೆ.

ಮರುವಾರ ಮಂಗಳವಾರ ನಾನೂ ಇವರೂ ಶೈಮಾಳ ಹತ್ತಿರ ಹೋದೆವು. ಅವಳು ಮೊದಲು ಕೇಳಿದ್ದೇ ಸುಮೀನಾ ಎಲ್ಲಿ, ಆರೋಗ್ಯವಾಗಿದ್ದಾಳಾ ಎಂದು. ಕಾಗದಪತ್ರ ನೋಡಿ, ಕುಟುಂಬಕ್ಕೆ ನೇರವಾಗಿ ಸಹಾಯ ಮಾಡುವುದಾದರೆ ಆಕೆಯ ಸಹಿ ಬೇಕು ಎಂದು ಒಂದು ಫಾರ್ಮ್ ಕೊಟ್ಟಳು. ಹಾಕಿಸಿ ತನ್ನಿ, ನೀವು ಹೇಗೂ ಅಕ್ಕತಂಗಿಯರ ಹಾಗೆ ಎಂದು ನಕ್ಕಳು. ಕೆಳಗೆ ಪಾರ್ಕಿಂಗಿನಲ್ಲಿ ಕಾರಿನೊಳಗೆ ಕೂತ ಮೇಲೆ ಇವರು ಪೆನ್ನು ನನ್ನ ಕೈಗೆ ಕೊಟ್ಟರು.

“ನೀನೇ ಹಾಕು ವಾರಿಜಾ. ಅವಳು ಒಪ್ಪಿ ಆಗಿದೆಯಲ್ಲ. ಒಂದು ಸಹಿಗೋಸ್ಕರ ಅಬುಧಾಬಿಗೆ ಯಾರು ಹೋಗುದು?”

ನಿನ್ನ ಸಹಿ ನನಗೆ ಬಾಯಿಪಾಠ. ಒಂಬತ್ತು ವರ್ಷ ಎಲ್ಲ ಅರ್ಜಿಗಳಿಗೂ ನನ್ನ ಹೆಸರಿನ ಪಕ್ಕದಲ್ಲೇ ಇದ್ದದ್ದು. ಫಾರ್ಮನ್ನು ತೊಡೆಯ ಮೇಲಿಟ್ಟುಕೊಂಡು ಮೊದಲ ಅಕ್ಷರ ಬರೆದೆ. ಬರೆದೇಬಿಟ್ಟೆ, ಸುಮೀ. ಅದು ನಿನ್ನ ಕೈಬರಹದ ಹಾಗೆಯೇ ಬಂತು. ಅಷ್ಟು ಸುಲಭವಾಗಿ ಬಂದದ್ದನ್ನು ನೋಡಿ ಎರಡನೆಯ ಅಕ್ಷರಕ್ಕೆ ಹೋಗಲಿಲ್ಲ. ಪೆನ್ನು ಕೆಳಗಿಟ್ಟು ಇವರಿಗೆ ಹೇಳಿದೆ, ಅವಳು ಒಪ್ಪಿಲ್ಲ, ನಾನು ಅವಳ ಹತ್ತಿರ ಮಾತಾಡಿಯೇ ಇಲ್ಲ, ಬೇಡ ಎಂದು ಅವಳು ಮೊದಲೇ ಹೇಳಿದ್ದಳು ಎಂದು.

ಇವರು ಬಯ್ಯಲಿಲ್ಲ. ಪೆನ್ನಿಗೆ ಮುಚ್ಚಳ ಹಾಕಿ ಕಿಸೆಗಿಟ್ಟುಕೊಂಡರು. “ನನಗೆ ಈಗ ಉಳಿದದ್ದು ಇದೊಂದೇ ಮಾರಾಯ್ತಿ. ಇದರಲ್ಲಿಯೂ ತಲೆ ತಗ್ಗಿಸುವ ಹಾಗೆ ಮಾಡಿದೆಯಲ್ಲ” ಎಂದರು.

ಆ ಶುಕ್ರವಾರ ಸಂಜೆ ಸಮಿತಿಯವರನ್ನು ಕರೆಸಿದೆವು. ಈ ಸಲ ನಾನು ತಟ್ಟೆ ಹಿಡಿಯಲಿಲ್ಲ. ಕುರ್ಚಿ ಎಳೆದು ಕೂತು, ಎಲ್ಲ ಹೇಳಿದೆ. ರಂಜಿತನಿಗೆ ಅರ್ಥವೇ ಆಗಲಿಲ್ಲ.

“ಅತ್ತಿಗೆ, ನಾವು ಒಳ್ಳೆದಕ್ಕೇ ಅಲ್ವಾ ಮಾಡುದು? ಅವರು ಸಂಕೋಚದಲ್ಲಿ ಬೇಡ ಹೇಳ್ತಾರೆ, ನಾವು ಬಿಡುದಾ? ರಶೀದ ನಮ್ಮವ.”

“ರಶೀದ ನಮ್ಮವ, ಸರಿ,” ಎಂದದ್ದು ಥಾಮಸ್. ಅವನು ಸಭೆಯಲ್ಲಿ ಬಾಯಿ ಬಿಟ್ಟದ್ದನ್ನು ನಾನು ನೋಡಿದ್ದೇ ಅಪರೂಪ. “ಅವನ ಹೆಂಡತಿ ಮಕ್ಕಳ ಮುಖ ನಮ್ಮದಲ್ಲ.”

“ಹಾಗಾದ್ರೆ ಜನ ಯಾರ ಮುಖ ನೋಡಿ ಬರುದು?” ಎಂದ ರಂಜಿತ್.

ಸಭೆ ಮುಗಿದ ಮೇಲೆ, ಪೋಸ್ಟರ್ ಅಳಿಸಿ ಎಂದು ಎಲ್ಲ ಗ್ರೂಪುಗಳಿಗೂ ನಾನೇ ಬರೆದೆ. ಎಷ್ಟು ಕಡೆ ಅಳಿಯಿತೋ, ಎಷ್ಟು ಕಡೆ ಉಳಿಯಿತೋ ಗೊತ್ತಿಲ್ಲ. ಅದನ್ನು ಪೂರ್ತಿ ವಾಪಸ್ಸು ತರಲು ನನ್ನಿಂದ ಆಗುವುದಿಲ್ಲ.

ಶೈಮಾಳ ಹತ್ತಿರವೂ ಹೋಗಿ ನಿಜ ಹೇಳಿದೆ. ಅವಳು ಫಾರ್ಮನ್ನು ಇಸಿದುಕೊಂಡು, ನಾನು ಬರೆದ ಆ ಒಂದು ಅಕ್ಷರ ನೋಡಿ, ನನ್ನ ಮುಖ ನೋಡಿ, “ಖಲಾಸ್” ಎಂದು ಹರಿದು ಬುಟ್ಟಿಗೆ ಹಾಕಿದಳು. ಅವರ ಸಂಸ್ಥೆ ಮೊದಲಿನಿಂದಲೂ ನಡೆಸುವ ಡಯಾಲಿಸಿಸ್ ರೋಗಿಗಳ ಯೋಜನೆಗೆ ಈ ಸಲದ ಕಾರ್ಯಕ್ರಮ ಮಾಡಿ ಎಂದಳು. ಹಾಗೆಯೇ ಆಯಿತು.

ಜನವರಿ ಹದಿನೆಂಟಕ್ಕೆ ಕಾರ್ಯಕ್ರಮ. ನೀನಿಲ್ಲದೆ ಎಲ್ಲವೂ ಅಡ್ಡಾದಿಡ್ಡಿ. ಮೈಕಿಗೆ ವಯರ್ ಸಾಲಲಿಲ್ಲ, ನೀರಿನ ಬಾಟಲಿ ತರುವವನು ಇನ್ನೊಂದು ಪಾರ್ಕಿಗೆ ಹೋದ. ಅರ್ಧಕ್ಕರ್ಧ ಕುರ್ಚಿ ಖಾಲಿ. ಗ್ರೂಪಿನಲ್ಲಿ ಪೋಸ್ಟರಿಗೆ ಕೈಮುಗಿದ ಚಿತ್ರ ಹಾಕಿದವರಲ್ಲಿ ಬಹಳ ಮಂದಿ ಬರಲೇ ಇಲ್ಲ. ರಂಜಿತ್ ಅಲ್ಲಿಯೂ ಬಿಡದೆ ಶೈಮಾಳ ಹತ್ತಿರ ಕೇಳಿದ, ಒಬ್ಬ ರೋಗಿಯನ್ನಾದರೂ ವೇದಿಕೆಗೆ ಕರೆಸಬಹುದಿತ್ತಲ್ಲ ಎಂದು. ಅವಳು ಸಮಾಧಾನದಿಂದಲೇ ಹೇಳಿದಳು, ಅವರ ಹೆಸರು ನಿಮಗೆ ಬೇಡ, ನಾಳೆ ಅವರು ಮೆಟ್ರೋದಲ್ಲಿ ನಿಮ್ಮ ಪಕ್ಕದಲ್ಲೇ ಕೂರಬೇಕಾದವರು. ಆಮೇಲೆ ಊಟದ ಪಾತ್ರೆಗಳನ್ನು ಕಾರಿಗೆ ಹೊರಲು ಬಂದ ಒಬ್ಬನೇ ಗಂಡಸು ರಂಜಿತ್. ಕೆಟ್ಟವನಲ್ಲ ಸುಮೀ, ನಿನಗೂ ಗೊತ್ತು.

ಕೊನೆಗೆ ಇವರು ಅಧ್ಯಕ್ಷರ ಭಾಷಣಕ್ಕೆ ನಿಂತರು. ಬರೆದುಕೊಂಡ ಚೀಟಿ ಕಿಸೆಯಿಂದ ತೆಗೆಯಲೇ ಇಲ್ಲ. ನಮ್ಮ ಸ್ನೇಹಿತನ ಕುಟುಂಬದ ಫೋಟೋವನ್ನು ಅವರನ್ನು ಕೇಳದೆ ಹಂಚಿದೆವು, ಆ ತಪ್ಪು ನನ್ನದು, ಅವರ ಹತ್ತಿರ ಎಲ್ಲರೆದುರು ಕ್ಷಮೆ ಕೇಳುತ್ತೇನೆ ಎಂದಷ್ಟೇ ಹೇಳಿ ಕೂತುಬಿಟ್ಟರು. ನನ್ನ ಹೆಸರು ಎತ್ತಲಿಲ್ಲ. ನಾನು ಲೋಟಗಳ ಮೇಜಿನ ಹಿಂದೆ ನಿಂತಿದ್ದೆ. ಅಲ್ಲಿಂದ ಕೂಗಿ ಹೇಳಬೇಕಿತ್ತು. ಹೇಳಲಿಲ್ಲ.

ಈ ಕಾಗದ ಅದಕ್ಕೇ. ಕ್ಯಾರೊಲಿನ್ ನಿನಗೆ ಆ ಭಾಷಣದ ವಿಷಯ ಹೇಳಿರುತ್ತಾಳೆ, ತಪ್ಪೆಲ್ಲ ಇವರದು, ನಿನ್ನ ಮೋಹನಣ್ಣನದು ಎಂದು ನೀನೂ ಶಿಫಾನಾಳೂ ತಿಳಿದುಕೊಂಡಿರುತ್ತೀರಿ. ಅಲ್ಲ. ಹೆಸರು ಎತ್ತಿದವಳು, ಒಪ್ಪಿದ್ದಾಳೆ ಎಂದವಳು, ಫೋಟೋ ಕೊಟ್ಟವಳು, ಗೊತ್ತಿಲ್ಲ ಎಂದವಳು ಎಲ್ಲ ನಾನೇ. ಶಿಫಾನಾಳಿಗೆ ಇದನ್ನು ಓದಿ ಹೇಳು. ವಾರಿಜಾ ಆಂಟಿ ಅವಳ ಅಪ್ಪನ ಫೋಟೋವನ್ನು ಕೇಳದೆ ಕೊಟ್ಟಳು ಎಂದು ಅವಳಿಗೆ ಗೊತ್ತಿರಬೇಕು.

ಸಮಿತಿಯಿಂದ ನಾನು ಹೊರಗೆ ಬಂದಿದ್ದೇನೆ. ತ್ಯಾಗ ಎಂದು ತಿಳಿಯಬೇಡ, ಸುಸ್ತಾಗಿದೆ ಅಷ್ಟೆ. ಬೇರೆಯವರ ಕಷ್ಟವನ್ನು ಜನರಿಗೆ ಹಿಡಿಸುವ ಹಾಗೆ ಬಡಿಸಿ ಬಡಿಸಿ ಕೈ ಸೋತಿದೆ. ಕ್ಷಮಿಸು ಎಂದು ಬರೆಯುವುದಿಲ್ಲ, ಅದಕ್ಕೂ ನಿನ್ನಿಂದ ಒಂದು ಉತ್ತರ ಬೇಕಾಗುತ್ತದೆ. ನಿನ್ನ ಹತ್ತಿರ ಇನ್ನು ಯಾವ ಒಪ್ಪಿಗೆಯನ್ನೂ ಕೇಳುವ ಧೈರ್ಯ ನನಗಿಲ್ಲ. ಉಪವಾಸದ ತಿಂಗಳು ಹತ್ತಿರ ಬಂತು. ಕೆಲಸದ ನಡುವೆ ನಿನ್ನ ಸಕ್ಕರೆ ಕಾಯಿಲೆಯ ಮಾತ್ರೆಯ ಹೊತ್ತು ತಪ್ಪಿಸಬೇಡ.

ನಿನ್ನ ಮೇಲೆ ಯಾವತ್ತೂ ಪ್ರೀತಿ ಕಡಿಮೆಯಾಗದ,
ವಾರಿಜಾಕ್ಷಿ

ತಾ.ಕ.: ಮುಚ್ಚಿದ ಲಕೋಟೆ ಮತ್ತೆ ತೆರೆದೆ. ನವೆಂಬರಿನಲ್ಲಿ ಇವರ ಕೆಲಸ ಹೋಯಿತು, ಸುಮೀ. ಕಂಪನಿ ಅರ್ಧ ಜನರನ್ನು ಒಂದೇ ದಿನ ಕಳಿಸಿಬಿಟ್ಟಿತು. ಈಗ ಇವರ ವೀಸಾ ನನ್ನ ಕ್ಲಿನಿಕ್ಕಿನ ಕೆಲಸದ ಆಧಾರದಲ್ಲಿ, ನನ್ನ ಹೆಸರಿನ ಮೇಲೆ ಇದೆ. ಬೆಳಿಗ್ಗೆ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಹೊರಟು, ಮಾಲಿನಲ್ಲಿ ಕೂತು, ಸಂಜೆ ಮನೆಗೆ ಬರುತ್ತಾರೆ. ಬಿ ಬ್ಲಾಕಿನ ಒಬ್ಬರಿಗೂ ಹೇಳಿಲ್ಲ. ಹೇಳಿದರೆ ಮುಂದಿನ ಜನವರಿಯಲ್ಲಿ ನಮ್ಮ ಮನೆಯ ಫೋಟೋ ಕೇಳಿಕೊಂಡು ಬರುತ್ತಾರೆ, ಎಲ್ಲ ಒಳ್ಳೆಯ ಮನಸ್ಸಿನಿಂದಲೇ. ನಿನಗೊಬ್ಬಳಿಗೇ ಹೇಳಿದ್ದೇನೆ. ನಿನ್ನಲ್ಲೇ ಇರಲಿ.