ನನ್ನನ್ನು ನಾನೇ ಹಿಡಿದುಕೊಟ್ಟದ್ದು

ನೀಲಗಡ್ಡಿ, ಕೃಷ್ಣಾ ತೀರ
ಫೆಬ್ರುವರಿ ೩೦, ೨೧೮೭

ನೂರೈವತ್ತು ವರ್ಷಕ್ಕೂ ಹಿಂದಿನ ಹಿರಿಯರಿಗೆ ಹುಸೇನಪ್ಪನ ನಮಸ್ಕಾರ.

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿಲ್ಲ, ನಮ್ಮದರಲ್ಲಿದೆ. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಬೇಕು. ‘ಕರಾರುಪಡೆ’ ಎಂದರೆ ಕಂಪನಿಯೊಂದು ಸಾಕಿ ಬಾಡಿಗೆಗೆ ಕೊಡುವ ಸೈನ್ಯ. ನನ್ನ ಅಜ್ಜನ ಕಾಲದಲ್ಲಿ ಸರ್ಕಾರ ತನ್ನ ಪೊಲೀಸರನ್ನು ಮನೆಗೆ ಕಳಿಸಿ ಆ ಪಡೆಯನ್ನು ತಂದಿತು. ಠಾಣೆಗಳು ಗೋದಾಮುಗಳಾದವು. ಹದಿನೆಂಟು ತುಂಬಿದಾಗ ನಾನೂ ಸೇರಿದೆ. ಹೊಟ್ಟೆತುಂಬ ರೊಟ್ಟಿ, ಒಳ್ಳೆಯ ಬೂಟು, ಅವ್ವನಿಗೆ ಔಷಧಿ. ಅದರಲ್ಲಿ ನನಗೇನೂ ತಪ್ಪು ಕಾಣಲಿಲ್ಲ.

ನಾವು ಹೊಳೆಯ ಬ್ಯಾರೇಜು ಕಾಯುತ್ತಿದ್ದೆವು. ಒಂದು ಬೇಸಿಗೆ, ಕೆಳಗಿನ ಊರುಗಳಿಗೆ ಕುಡಿಯುವ ನೀರು ಬಿಡಬೇಕೆಂದು ಜಿಲ್ಲಾಧಿಕಾರಿ ಮಹಾನಂದಾ ಹೂಗಾರ ಆದೇಶ ಹೊರಡಿಸಿದರು. ಆದರೆ ನಮ್ಮ ಕಂಪನಿ ಮೇಲ್ದಂಡೆಯ ಕಾರ್ಖಾನೆಗಳನ್ನೂ ಕಾಯುತ್ತಿತ್ತು. ನೀರು ಬಿಡುವುದು ಆ ಕಾರ್ಖಾನೆಯವರಿಗೆ ಬೇಡವಾಗಿತ್ತು. ಮೇಡಂ ಆದೇಶದ ಹಾಳೆ ಹಿಡಿದು ತಾವೇ ಬಂದರು. ನಮ್ಮ ಕ್ಯಾಪ್ಟನ್ ವಿರೂಪಣ್ಣ ಓದಿ, ಮರ್ಯಾದೆಯಿಂದಲೇ ಹೇಳಿದ:

“ಸಹಿ ಬರೋಬ್ಬರಿ ಐತ್ರಿ ಮೇಡಂ. ಆದ್ರ ಜಾರಿ ಮಾಡೋರು ಯಾರು? ನಾವ ಅಲ್ಲೇನ್ರಿ?”

ಮೇಡಂ ನೀರು ಬಿಡುವ ಗೇಟಿನ ಚಕ್ರಕ್ಕೆ ತಾವೇ ಕೈಹಾಕಿದರು.

“ಹುಸೇನಪ್ಪಾ, ಅವರನ್ನ ಅತ್ತಾಗ ಸರಸು,” ಎಂದ ಕ್ಯಾಪ್ಟನ್.

ನಾನು ಎಳೆದೆ. ಅವರ ಮಣಿಕಟ್ಟು ಮುರಿದದ್ದು ನನ್ನ ಕೈಗೇ ಗೊತ್ತಾಯಿತು. ಮುಂದಿನ ಒಂಬತ್ತು ದಿನಗಳಲ್ಲಿ, ಕೆಳಗಿನ ಊರಲ್ಲಿ ಹೊಳೆಯ ನೀರು ಸಿಗದೆ ಕುಂಟೆಯಲ್ಲಿ ನಿಂತ ಕೊಳಕು ನೀರು ಕುಡಿದು ಏಳು ಜನ ವಾಂತಿಭೇದಿಯಿಂದ ಸತ್ತರು.

ಹತ್ತನೆಯ ದಿನ ಬೆಳಿಗ್ಗೆ ಮೇಡಂ ಕಚೇರಿಗೆ ಹೋಗಿ ನಿಂತೆ.

“ನನ್ನ ಹಿಡಸ್ರಿ,” ಅಂದೆ.

ಪಟ್ಟಿ ಕಟ್ಟಿದ ಕೈಯನ್ನು ಮೇಜಿನ ಮೇಲಿಟ್ಟು ಅವರು ಅಂದರು: “ಹಿಡಿಯಾಕ ನನ್ನ ಹತ್ರ ಯಾರದಾರಪ್ಪಾ? ನೀನ ನಿನ್ನ ಹಿಡಕೊಂಡು ಹೋಗು.”

ಎಡಗೈಯಲ್ಲಿ ಅವರು ವಾರಂಟು ಬರೆದರು. ಅದನ್ನು ಹಿಡಿದು ಬಜಾರಿನಲ್ಲಿ ನಡೆದೆ, ಹಳೇ ಠಾಣೆಯ ಸಿಮೆಂಟು ಚೀಲ ಸರಿಸಿ ಲಾಕಪ್ಪಿನಲ್ಲಿ ಕೂತೆ. ಸಂಜೆಗೆ ನಮ್ಮ ಪಡೆಯ ದ್ಯಾಮಣ್ಣ ಬಂದ. “ಅವತ್ತು ನಾನೂ ಅಲ್ಲೇ ನಿಂತಿದ್ನಲ್ಲೋ. ಸ್ವಲ್ಪ ಸರಿ,” ಎಂದು ಪಕ್ಕ ಕೂತ. ಮೂರು ದಿನದಲ್ಲಿ ಹತ್ತೊಂಬತ್ತು ಮಂದಿಯಾದೆವು. ಬ್ಯಾರೇಜಿನಲ್ಲಿ ಕಾವಲಿಗೆ ಜನ ಉಳಿಯಲಿಲ್ಲ. ಊರವರು ಹೋಗಿ ಗೇಟು ತೆರೆದರು.

ನನಗೆ ಕೋರ್ಟಿನಲ್ಲಿ ಆರು ವರ್ಷ ಶಿಕ್ಷೆಯಾಯಿತು, ಅನುಭವಿಸಿದೆ. ಆ ಏಳು ಜನರ ಮನೆಗಳ ಮುಂದೆ ಹಾಯುವಾಗ ಇವತ್ತಿಗೂ ತಲೆಯೆತ್ತಲಾರೆ.

ಹಿರಿಯರೇ, ನಿಮ್ಮ ಠಾಣೆಗಳಲ್ಲಿ ನಿಮಗೆ ಅನ್ಯಾಯವಾಗುತ್ತಿರಬಹುದು. ಪೊಲೀಸರನ್ನು ಬೈಯಿರಿ, ಕೋರ್ಟಿಗೆಳೆಯಿರಿ, ತಿದ್ದಿರಿ. ಅವರ ಕೆಲಸವನ್ನು ಗುತ್ತಿಗೆಗೆ ಮಾತ್ರ ಕೊಡಬೇಡಿ. ನನ್ನಂಥವನಿಗೂ ಹಿಡಿಯುವವರೊಬ್ಬರು ಬೇಕಾಗುತ್ತಾರೆ.

ಹುಸೇನಪ್ಪ