ಕಂಬಕ್ಕೆ ಕಟ್ಟಿದ ಕೆಂಪು ಹೊದಿಕೆ

ಅಮ್ಮಾ,

ನಿನ್ನ ಕೆಂಪು ಹೊದಿಕೆಯನ್ನು ಹುಡುಕುವುದು ಬಿಡು. ಅದನ್ನು ತಂದವಳು ನಾನೇ, ಈಗ ಹರಿದು ಎರಡು ಮಾಡಿದ್ದೇನೆ. ಬೈಯುವ ಮೊದಲು ಪೂರ್ತಿ ಓದು.

ಇವತ್ತು ಆ ಹೊಲಕ್ಕೆ ವಿಮಾನದಿಂದ ಔಷಧಿ ಹೊಡೆದೆ. ಅಪ್ಪ ವಿಮಾನದ ಸಮೇತ ಬಿದ್ದು ತೀರಿಕೊಂಡ ಮೇಲೆ ಯಾವ ಪೈಲಟ್ಟೂ ಒಪ್ಪದ ಹೊಲಕ್ಕೇ. ಹೊಲದ ಯಜಮಾನರು, "ಬೇಡಮ್ಮ, ಹುಳ ತಿಂದ್ರೆ ತಿನ್ಲಿ" ಅಂದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಮೊದಲು ಹೊಲವನ್ನೆಲ್ಲ ನಡೆದು ನೋಡಿದೆ. ಅಪ್ಪನೂ ಹಾಗೆ ನಡೆಯದೆ ಹಾರುತ್ತಿರಲಿಲ್ಲ. ಆ ಸಲ ಅವರು ನಡೆದು ಬಂದ ಮೇಲೆ, ಹಾರುವ ಮೊದಲು, ಕರೆಂಟಿನವರು ಹೊಸ ತಂತಿ ಎಳೆದಿದ್ದರು, ವಿಮಾನ ಅದಕ್ಕೇ ಸಿಕ್ಕಿತು. ಜನ ಮಾತ್ರ, ಶೋಕಿಗೆ ಕೆಳಗೆ ಹಾರಿದ ಅಂದರು. ಅಷ್ಟು ಕೆಳಗೆ ಹಾರುವಾಗ ತಂತಿ ಕಾಣುವುದಿಲ್ಲ, ಕಂಬ ನೋಡಿಯೇ ತಿಳಿಯಬೇಕು. ಅಲ್ಲಿನ ಎರಡು ಕಂಬಗಳೋ ಮರಗಳ ಮರೆಯಲ್ಲಿವೆ. ಲೈನ್‌ಮನ್ ಅಣ್ಣನಿಗೆ ಹೇಳಿ ಎರಡರ ತುದಿಗೂ, ಮರಗಳ ಮೇಲೆ ಕಾಣುವಂತೆ, ನಿನ್ನ ಹೊದಿಕೆ ಕಟ್ಟಿಸಿದೆ.

ಎಷ್ಟು ದೂರದಿಂದ ಕಾಣುತ್ತಿತ್ತು ಗೊತ್ತಾ ಅಮ್ಮಾ. ಪೈರಿನ ತುದಿ ಚಕ್ರವನ್ನು ಸವರುವಷ್ಟು ಕೆಳಗೆ ಹೋದೆ, ಕೆಂಪು ಹತ್ತಿರವಾದಾಗೆಲ್ಲ ಮೇಲೆದ್ದೆ. ಒಂದು ಸಾಲೂ ಬಿಡಲಿಲ್ಲ. ಇಳಿದಾಗ ಅಪ್ಪನ ಕಾಲದ ಮೆಕ್ಯಾನಿಕ್ ಮಾವ ವಿಮಾನಕ್ಕೊಂದು ಸುತ್ತು ಬಂದು, "ಒಂದು ಗೀರೂ ಇಲ್ಲ ಕಣೇ" ಅಂದು ಮುಖ ಆ ಕಡೆ ಮಾಡಿಕೊಂಡರು.

ಈಗ ಅಕ್ಕಪಕ್ಕದ ಹೊಲದವರೂ ನನ್ನನ್ನೇ ಕರೆದಿದ್ದಾರೆ. ಅಲ್ಲೂ ತಂತಿಗಳಿವೆ, ಇನ್ನೊಂದು ಹೊದಿಕೆ ಬೇಕು. ಕೆಂಪೇ ಇರಲಿ. ಕಳಿಸಬೇಡ, ನೀನೇ ತೆಗೆದುಕೊಂಡು ಬಾ. ಹೊಲದ ಅಂಚಿನಲ್ಲಿ ಕುರ್ಚಿ ಹಾಕಿಸಿರುತ್ತೇನೆ.

ನಿನ್ನ ಮಾತು ಕೇಳದ
ಮಗಳು