ಮೊದಲು ಕೂಗಬಾರದು

ಅಮ್ಮಾ,

ಫೋನಿನಲ್ಲಿ ಹೇಳಿದರೆ ನಿನ್ನ ಪಕ್ಕದಲ್ಲೇ ಮಲಗಿರುವ ಅಪ್ಪನಿಗೆ ಕೇಳಿಸುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಅಪ್ಪನ ಹೊಲಿಗೆ ಯಂತ್ರ ನಮಗೆ ಸಿಗಲಿಲ್ಲ.

ಅಪ್ಪ ಬಟ್ಟೆ ಹೊಲಿಯುತ್ತಿದ್ದ, ಈಗ ಮುಚ್ಚಿದ ಕಾರ್ಖಾನೆಯ ಸಾಮಾನೆಲ್ಲ ಅಂಗಳದಲ್ಲಿ ಸಾಲಾಗಿ ಇಟ್ಟಿದ್ದರು. ಹರಾಜಿಗೆ ಹೆಸರು ಬರೆಸಿ, ನಂಬರಿನ ಚೀಟಿ ಹಿಡಿದು ಮುಂದಿನ ಸಾಲಿನಲ್ಲೇ ಕೂತೆ. ಅಪ್ಪನ ಕೈ ತಾಗಿ ತಾಗಿ ಸವೆದು ಹೊಳೆಯುವ ಆ ಯಂತ್ರದ ಚಕ್ರ ಕಂಡ ಕೂಡಲೇ ಬೆಲೆ ಕೂಗಿಬಿಡೋಣ ಅನ್ನಿಸಿತು. ಆದರೆ ಭಾವ ಹೇಳಿಕೊಟ್ಟಿದ್ದರಲ್ಲ, "ಹೊಸಬರು ಮೊದಲು ಕೂಗಬಾರದು, ಆಸೆ ಗೊತ್ತಾದ್ರೆ ಬೆಲೆ ಏರಿಸ್ತಾರೆ" ಅಂತ. ನಾನೂ ಮಹಾ ಜಾಣೆಯ ಹಾಗೆ ಆಕಾಶ ನೋಡುತ್ತಾ ಕೂತೆ. ಯಾರೂ ತುಟಿ ಪಿಟಕ್ಕೆನ್ನಲಿಲ್ಲ. ಹರಾಜಿನವರು ಮೂರು ಸಲ ಕೇಳಿ, "ಗಿರಾಕಿ ಇಲ್ಲ, ಗುಜರಿಗೆ ಹಾಕಿ" ಅಂದುಬಿಟ್ಟರು. ನಾನು ಎದ್ದು ಓಡುವಷ್ಟರಲ್ಲಿ ಗುಜರಿಯವನ ಸುತ್ತಿಗೆಗೆ ಚಕ್ರ ಎರಡು ಹೋಳಾಗಿತ್ತು.

ಗೇಟಿನ ಹತ್ತಿರ ಅಪ್ಪನ ಜೊತೆ ಕೆಲಸ ಮಾಡುತ್ತಿದ್ದ ಕಟಿಂಗ್ ಮಾಸ್ಟರು ಸಿಕ್ಕರು. "ಯಾಕಮ್ಮ ಸುಮ್ನಿದ್ದೆ? ಅದು ಮನೆಯವರಿಗೇ ಹೋಗ್ಲಿ, ಯಾರೂ ಅಡ್ಡ ಕೂಗ್ಬಾರ್ದು ಅಂತ ನಾವೆಲ್ಲ ಮೊದಲೇ ಮಾತಾಡ್ಕೊಂಡು ಬಾಯಿಗೆ ಬೀಗ ಹಾಕ್ಕೊಂಡಿದ್ವಿ" ಅಂದರು.

ಕಿಟಕಿ ಪಕ್ಕ ನೀನು ಖಾಲಿ ಮಾಡಿಟ್ಟ ಜಾಗದಲ್ಲಿ ಹಳೇ ಕಪಾಟನ್ನೇ ಮತ್ತೆ ಇಡಿಸು. ಭಾವನನ್ನು ಬೈಯಬೇಡ. ಅಪ್ಪ ಕೇಳಿದರೆ, ತುಂಬ ಜನ ಜಿದ್ದಿಗೆ ಬಿದ್ದು ಕೂಗಿದರು, ನಮ್ಮ ಕೈಗೆ ಎಟುಕಲಿಲ್ಲ ಅಂತ ಹೇಳು. ಒಬ್ಬರೂ ಕೂಗಲಿಲ್ಲ ಅನ್ನೋದು ಮಾತ್ರ ಅವರ ಕಿವಿಗೆ ಬೀಳಬಾರದು.

ನಿನ್ನ ಕಿರಿಮಗಳು